ಹಿಂದಿನ ಬೆಂಚಿನ ಅಣ್ಣ

ಎಂಟನೇ ತರಗತಿಯ ಬೆಂಚಿನಲ್ಲಿ ಕೂತರೆ ಅಣ್ಣನ ಮೊಣಕಾಲು ಡೆಸ್ಕಿನ ಅಡಿಗೆ ಹಿಡಿಸುತ್ತಿರಲಿಲ್ಲ. ಒಂದು ಕಾಲನ್ನು ಹೊರಗೆ ಚಾಚಿ, ವೀಕ್ಷಣೆಯ ಪುಸ್ತಕವನ್ನು ತೊಡೆಯ ಮೇಲಿಟ್ಟು, ಪೆನ್ನಿನ ಕ್ಯಾಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು.

ಇಬ್ಬರೂ ಕೃಷಿ ಶಿಕ್ಷಕರ ತರಬೇತಿಯಲ್ಲಿದ್ದೆವು. ಯಲಹಂಕದ ಕಡೆಯ ಒಂದು ಶಾಲೆಯಲ್ಲಿ ಅಭ್ಯಾಸದ ಪಾಠ. ನಾನು ಪಾಠ ಮಾಡುವಾಗ ಅವರು ಹಿಂದೆ ಕೂತು ತಪ್ಪು ಒಪ್ಪು ಬರೆಯಬೇಕು, ಅವರು ಮಾಡುವಾಗ ನಾನು. ನಡುವೆ ಬಾಯಿ ಹಾಕುವಂತಿಲ್ಲ. ನನಗೆ ಇಪ್ಪತ್ತಮೂರು, ಅವರಿಗೆ ನಲವತ್ತು ದಾಟಿತ್ತು, ಅಣ್ಣ ಎನ್ನುತ್ತಿದ್ದೆ. ಅಮೃತಹಳ್ಳಿಯ ಹಳೇ ಊರಿನವರು, ಚಿಕ್ಕಂದಿನಿಂದ ರಾಗಿ ಹೊಲದಲ್ಲಿ ದುಡಿದವರು. ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ತುಳಸಿ ಕುಂಡ ಬಿಟ್ಟರೆ ಮಣ್ಣೇ ಇರಲಿಲ್ಲ. ಹಾಗಾಗಿ ಅವರ ಪುಸ್ತಕವೆಂದರೆ ನನಗೆ ಭಯ. ಆದರೆ ತಮ್ಮ ಪಾಠದ ದಿನ ಅವರೂ ಬೆವರುತ್ತಿದ್ದರು. "ಎದ್ರಿಕೆ ಆಯ್ತದೆ ಕಣವ್ವ, ಎತ್ತು ಹಿಡ್ದಂಗಲ್ಲ ಇದು" ಎಂದು ಕರವಸ್ತ್ರ ಹಿಂಡುತ್ತಿದ್ದರು.

ಅಂದು ನನ್ನದು ಬೀಜೋಪಚಾರದ ಪಾಠ. ಮುಂದಿನ ಸಾಲಿನ ಎದುರಿನ ಮೇಜಿನ ಮೇಲೆ ಒಂದು ಬಟ್ಟಲಲ್ಲಿ ಬರೀ ಕಡ್ಲೇಬೀಜ, ಪಕ್ಕದ ಬಟ್ಟಲಲ್ಲಿ ರೋಗ ಬಾರದಂತೆ ಔಷಧಿಯ ಗುಲಾಬಿ ಪುಡಿ ಹಚ್ಚಿದ ಕಡ್ಲೇಬೀಜ. ನಾನು ಬೋರ್ಡಿನ ಕಡೆ ತಿರುಗಿ ಚಿತ್ರ ಬರೆಯುತ್ತಿದ್ದೆ. ಹಿಂದೆ ಬೆಂಚು ಸರಿದ ಸದ್ದಾಯಿತು. ತಿರುಗಿ ನೋಡಿದರೆ, ಅಣ್ಣ ಮುಂದಿನ ಸಾಲಿನ ಹುಡುಗಿಯೊಬ್ಬಳ ಬಾಯಿಯ ಕೆಳಗೆ ಅಂಗೈ ಹಿಡಿದು ನಿಂತಿದ್ದರು.

"ಉಗಿ ಮಗ, ಎಲ್ಲಾ ಉಗಿ," ಎಂದರು ಮೆಲ್ಲಗೆ.

ಅವರ ಅಂಗೈಯಲ್ಲಿ ಅಗಿದ ಬೀಜ, ಗುಲಾಬಿ ಎಂಜಲು. ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಬಾಯಿ ತೊಳೆಸಿದವರು ಅವರು, ಔಷಧಿಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡವರು ಅವರು, ಆಟೋ ನಿಲ್ಲಿಸಿದವರೂ ಅವರೇ. ಆಸ್ಪತ್ರೆಯಲ್ಲಿ ಡಾಕ್ಟರು ಪೊಟ್ಟಣ ಓದಿ, ಸಂಜೆವರೆಗೂ ನೋಡಬೇಕು ಎಂದರು. ಹುಡುಗಿಯ ತಾಯಿ ಓಡಿ ಬಂದಾಗ ನಾನು ಕಂಬದ ಹಿಂದೆ ಸರಿದೆ. ಅಣ್ಣ ನನ್ನ ಕೈ ಹಿಡಿದು ಆ ತಾಯಿಯ ಎದುರು ನಿಲ್ಲಿಸಿದರು. ನಡೆದದ್ದನ್ನು ನಾನೇ ಹೇಳಿದೆ. ಆಕೆ ಹೋಗಿ ಮಗಳ ಹಾಸಿಗೆಯ ಪಕ್ಕ ಕೂತರು. ಸಂಜೆಯವರೆಗಿನ ಆ ಮೂರು ಗಂಟೆ ನಾನು ಹುಡುಗಿಯ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂತಿದ್ದೆ.

ಸಂಜೆ ಡಾಕ್ಟರು ಏನೂ ಆಗಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಹೊರಗೆ ಬಸ್‌ಸ್ಟಾಪಿನಲ್ಲಿ ಅಣ್ಣ ಪುಸ್ತಕ ತೆಗೆದರು.

"ಅಣ್ಣಾ, ಇದೊಂದು ಬರೀಬೇಡಿ. ನನ್ನ ಕೋರ್ಸೇ ಹೋಗ್ಬಿಡತ್ತೆ."

"ಬರೀತೀನಿ ಕಣವ್ವ. ಬರೀದಿದ್ರೆ ನಾಳೆ ಇನ್ಯಾರೋ ಇಂಗೇ ಬಟ್ಲು ಮಡಗ್ತಾರೆ."

ಬರೆದು ನನ್ನ ಕೈಗೇ ಕೊಟ್ಟರು. ನನ್ನ ತಪ್ಪಿನ ಕೆಳಗೆ ಇನ್ನೊಂದು ಸಾಲಿತ್ತು: "ಎರಡು ಬಟ್ಟಲು ಅಕ್ಕಪಕ್ಕ ಇರುವುದನ್ನು ಪಾಠಕ್ಕೆ ಮುಂಚೆಯೇ ನಾನು ನೋಡಿದ್ದೆ. ಹೇಳಬೇಕಿತ್ತು. ಹೇಳಲಿಲ್ಲ." ಅದನ್ನು ಅವರು ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಓದಿ ತರಬೇತಿ ಕಾಲೇಜಿನವರು ಇಬ್ಬರ ಅಭ್ಯಾಸದ ಪಾಠವನ್ನೂ ತಡೆದರು. ಇಬ್ಬರೂ ಒಂದು ವರ್ಷ ತಡವಾಗಿ ಮುಗಿಸಿದೆವು. ಆ ವರ್ಷವನ್ನು ಅವರು ಎಂದೂ ನನ್ನ ಮೇಲೆ ಹೊರಿಸಲಿಲ್ಲ.

ಹೆಬ್ಬಾಳದ ಬಳಿಯ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ಸಲ ಬೀಜದ ಪಾಠ ಬಂದ ದಿನ ತರಗತಿಗೆ ಮುಂಚೆ ಅಣ್ಣನಿಗೆ ಫೋನ್ ಮಾಡಿದೆ. ಮೇಜಿನ ಮೇಲೆ ಏನೇನಿದೆ ಒಂದೊಂದೇ ಹೇಳು ಎಂದರು. ಹೇಳಿದೆ. ಆಮೇಲೆ ಪ್ರತಿ ವರ್ಷವೂ ಹಾಗೇ.

ಹೋದ ಬೇಸಿಗೆಯಲ್ಲಿ ಅವರು ಎದೆನೋವು ಬಂದು ತೀರಿಹೋದರು. ಈ ವರ್ಷ ಆ ಪಾಠದ ಬೆಳಿಗ್ಗೆ, ಗೊತ್ತಿದ್ದೂ, ಅದೇ ನಂಬರು ಒತ್ತಿದೆ. ಅವರ ಹೆಂಡತಿ ಎತ್ತಿದರು. "ಏನವ್ವ?" ಎಂದರು. ಮೇಜಿನ ಮೇಲಿದ್ದದ್ದನ್ನು ಒಂದೊಂದಾಗಿ ಹೇಳತೊಡಗಿದೆ. ಮುಗಿಯುವವರೆಗೂ ಆಕೆ ಊಂ, ಊಂ ಎನ್ನುತ್ತಾ ಕೇಳಿಸಿಕೊಂಡರು.