ಹಿಂತಿರುಗಿ ಬರಬಾರದ ಕೋವಿ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಪೆನ್ಸಿಲ್ವೇನಿಯಾದ ಗುಡ್ಡಗಾಡಿನ ಪುಟ್ಟ ಊರು ಹೇಝೆನ್ ರನ್. ಅಲ್ಲಿನ ಗಾಳ-ಬಲೆ ಮಾರುವ ಅಂಗಡಿಯ ಹಿಂದೆ, ತಗಡಿನ ಮಾಡಿನ ಕೆಳಗೆ ನಿಂತು ಡೆಲ್ಮಾ ರಫ್ನರ್ ಹಳೇ ಕಾಲದ ಖಾಲಿ ಚಕಮಕಿ ಕೋವಿಯೊಂದರ ಕುದುರೆ ಎಳೆಯುತ್ತಾರೆ. ಕಲ್ಲು ಹೋಗಿ ಉಕ್ಕಿನ ತಟ್ಟೆಯನ್ನು ಕೆರೆಯುತ್ತದೆ, ಅದರ ಕೆಳಗೆ ಮದ್ದಿಡುವ ಪುಟ್ಟ ಬಟ್ಟಲಿಗೆ ಕಿಡಿಗಳು ಉದುರುತ್ತವೆ. ಕಿಡಿ ಬೆಳ್ಳಗಿದ್ದರೆ ಕೋವಿ ಚೆನ್ನಾಗಿದೆ, ಕೆಂಪಗಿದ್ದರೆ ಉಕ್ಕು ಮೆತ್ತಗಾಗಿದೆ. ಬಣ್ಣ ಕಾಣಬೇಕಾದರೆ ಇಷ್ಟು ಕತ್ತಲಿರಬೇಕು. ಅದಕ್ಕೇ ಅವರ ಕೆಲಸ ಊರು ಏಳುವ ಮೊದಲೇ ಶುರುವಾಗುತ್ತದೆ.

ಇವತ್ತು ಮಾತ್ರ ಅವರಿಗೆ ಕೆಲಸದ ಮೇಲೆ ಮನಸ್ಸಿಲ್ಲ. ನಿನ್ನೆ ಸಂಜೆ ಕರ್ವಿನ್ ಡಿಂಗರ್ ಫೋನ್ ಮಾಡಿ, ಬೆಳಿಗ್ಗೆ ಕೋವಿ ತರುತ್ತೇನೆ ಎಂದವನು ಯಾಕೆ ಏನು ಎಂದು ಹೇಳದೆ ಇಟ್ಟುಬಿಟ್ಟಿದ್ದಾನೆ. ಕಳೆದ ವರ್ಷ ಅವನ ಮನೆಗೆ ಆ ಕೋವಿಯನ್ನು ಆರಿಸಿಕೊಟ್ಟವರು ಡೆಲ್ಮಾ. ಕೊಟ್ಟ ಕೋವಿ ವಾಪಸು ಬಂದರೆ ಆರಿಸಿದ್ದು ತಪ್ಪಾಯಿತು ಎಂದೇ ಅವರ ಲೆಕ್ಕ. ಕುದಿಸಿಟ್ಟ ಕಾಫಿ ಒಲೆಯ ಪಕ್ಕದಲ್ಲೇ ಆರಿಹೋಗಿದೆ.

ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಿದ್ದ ಡೆಲ್ಮಾ ಅದು ಮುಚ್ಚಿದ ಮೇಲೆ ಅರ ಹಿಡಿದು ಕೋವಿ ರಿಪೇರಿಗಿಳಿದರು. ಯಾರದೋ ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಚಕಮಕಿ ಕೋವಿಗಳನ್ನು ಕೊಂಡು, ಬಿಚ್ಚಿ, ಉಜ್ಜಿ, ಹೊಸದರ ಅರ್ಧ ಬೆಲೆಗೆ ಮಾರುತ್ತಾರೆ. ತಿಂಗಳಿಗೆ ಒಂದೋ ಎರಡೋ ಹೋದರೆ ಹೆಚ್ಚು. ಒಳಗೆ ಬಂದವರು ಇವತ್ತಿಗೂ ಈ ಹೆಂಗಸನ್ನು ದಾಟಿ ಹಿಂದೆ ಇಣುಕಿ, ಕೋವಿ ರಿಪೇರಿ ಮಾಡುವವರು ಎಲ್ಲಿ ಎಂದು ಕೇಳುವುದುಂಟು. ಊಟಕ್ಕೆ ಹೋಗಿದ್ದಾರೆ, ನಾನೇ ನೋಡಲಾ ಎನ್ನುತ್ತಾರೆ ಡೆಲ್ಮಾ, ಮುಖದಲ್ಲಿ ನಗು ಕಾಣಿಸಿಕೊಳ್ಳದೆ.

ಇವರ ಬಳಿ ಬರುವವರಲ್ಲಿ ಬೇಟೆಗಾರರು ಕಡಿಮೆ. ಭಾನುವಾರ ಊಟವಾದ ಮೇಲೆ ಹಿತ್ತಲಿನ ಮಣ್ಣುದಿಬ್ಬಕ್ಕೆ ತಗಡಿನ ತಟ್ಟೆ ಒರಗಿಸಿಟ್ಟು, ಮನೆಮಂದಿಯೆಲ್ಲ ಸರದಿಯಲ್ಲಿ ಗುಂಡು ಹೊಡೆದು ಒಬ್ಬರನ್ನೊಬ್ಬರು ಕಿಚಾಯಿಸುವವರೇ ಹೆಚ್ಚು. ಅಂಥವರ ಮೊದಲ ಕೋವಿ ಬೇಸಿಗೆ ಮುಗಿಯುವಷ್ಟರಲ್ಲಿ ವಾಪಸು ಬರುವುದನ್ನು ಡೆಲ್ಮಾ ಬೇಕಾದಷ್ಟು ಕಂಡಿದ್ದಾರೆ. ಕೊಳ್ಳುವಾಗ ಗಂಡಸು ತನ್ನ ತೋಳಿಗೆ ತಕ್ಕದ್ದನ್ನು ಕೊಳ್ಳುತ್ತಾನೆ. ಉಳಿದವರು ಒಂದು ಸಲ ಹೊಡೆದು, ಭುಜ ಹಿಡಿದುಕೊಂಡು ಕುರ್ಚಿಗೆ ಮರಳುತ್ತಾರೆ. ಒಬ್ಬನೇ ಎಷ್ಟು ದಿನ ಹೊಡೆದಾನು?

ಅದಕ್ಕೇ ಡೆಲ್ಮಾರದು ಒಂದೇ ಹಟ. ಹೊಡೆಯುವವರೆಲ್ಲ ಬರಬೇಕು, ಅವರಲ್ಲಿ ಅತಿ ಚಿಕ್ಕ ಆಳಿಗೆ ಯಾವುದು ಒಗ್ಗುತ್ತದೋ ಅದನ್ನೇ ಕೊಳ್ಳಬೇಕು. "ದೊಡ್ಡೋರು ಸಣ್ಣ ಕೋವಿಗೆ ಬಗ್ಗಬಹುದು. ಸಣ್ಣೋರು ದೊಡ್ಡದಕ್ಕೆ ಎಲ್ಲಿಂದ ಬೆಳೀತಾರೆ?" ಎನ್ನುವುದು ಅವರ ಪ್ರಶ್ನೆ.

ಡಿಂಗರ್ ಮನೆಯಲ್ಲಿ ಅತಿ ಚಿಕ್ಕ ಆಳೆಂದರೆ ಕರ್ವಿನ್‌ನ ಅತ್ತೆ ವಿಲ್ಡಾ. ವಯಸ್ಸು ಎಪ್ಪತ್ತು ದಾಟಿದೆ, ಎತ್ತರ ಅಳಿಯನ ಎದೆಮಟ್ಟ. ಕಳೆದ ವರ್ಷ ಮನೆಮಂದಿಯೆಲ್ಲ ಬಂದಾಗ ಕರ್ವಿನ್ ಬಾಗಿಲಲ್ಲೇ ಒಂದು ಉದ್ದ ಕೋವಿಗೆ ಮನಸೋತಿದ್ದ. ಅಲೆ ಅಲೆ ಗೆರೆಯ ಮೇಪಲ್ ಮರದ ಹಿಡಿ, ಹಿತ್ತಾಳೆಯ ಕೆತ್ತನೆ, ನೆಲಕ್ಕೂರಿದರೆ ಅವನ ಗದ್ದದವರೆಗೆ ಬರುವ ನಳಿಗೆ. ಪಕ್ಕದಲ್ಲಿದ್ದದ್ದು ಒಂದು ಮೋಟು ಕೋವಿ, ಹಿಡಿಯ ಮೇಲೆ ತೇಪೆ ಬೇರೆ. ಅದನ್ನು ಕಂಡು ಮೂಗು ಮುರಿದ. ಡೆಲ್ಮಾ ವಾದಕ್ಕಿಳಿಯದೆ ಉದ್ದದ್ದನ್ನು ವಿಲ್ಡಾರ ಕೈಗೆ ಕೊಟ್ಟರು. ಎತ್ತಿ ಹಿಡಿದದ್ದೇ ತಡ, ನಳಿಗೆಯ ಮೂತಿ ನೆಲ ನೋಡಿತು.

"ಇದನ್ನ ಎತ್ತಿ ಹಿಡಿಯೋಕೆ ನಾನಿನ್ನೊಂದು ಮದುವೆ ಆಗ್ಬೇಕು" ಎಂದರು ವಿಲ್ಡಾ.

ಎಲ್ಲರೂ ನಕ್ಕರು, ಕರ್ವಿನ್ ಬಿಟ್ಟು. ಕೋವಿ ಅಂದರೆ ಹೇಗೆ ತೋರಿಸುತ್ತೇನೆ ನೋಡಿ ಎಂದು ತಾನೇ ಉದ್ದದ್ದಕ್ಕೆ ಈಡು ತುಂಬಿದ. ಮಾತಿನ ಭರದಲ್ಲಿ ನಳಿಗೆಗೆ ಮದ್ದು ಹಾಕುವುದನ್ನೇ ಮರೆತು ಗುಂಡನ್ನು ಜಡಿದುಬಿಟ್ಟ. ಕುದುರೆ ಎಳೆದರೆ ಬಟ್ಟಲಿನ ಚಿಟಿಕೆ ಮದ್ದು ಭುಸ್ಸೆಂದಿತು, ಅಷ್ಟೇ. ಹೆಂಡತಿ ಜೋಯೆಲ್ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಕರ್ವಿನ್ ಕಿವಿಯವರೆಗೆ ಕೆಂಪಾದ. ಆ ಸಿಟ್ಟಿನಲ್ಲಿ, ಏನಾದರಾಗಲಿ ಇದನ್ನೇ ಕೊಳ್ಳುತ್ತೇನೆ ಎಂದು ಜೇಬಿಗೆ ಕೈ ಹಾಕಿದ.

ಡೆಲ್ಮಾ ಬಟ್ಟಲ ಪಕ್ಕದ ಸೂಜಿಯಷ್ಟು ಸಣ್ಣ ಕಿಂಡಿಯಿಂದ ಚಿಟಿಕೆ ಚಿಟಿಕೆ ಮದ್ದು ಒಳಗೆ ತೂರಿಸಿ, ಸಿಕ್ಕಿಕೊಂಡ ಗುಂಡನ್ನು ಮಾಡಿನ ಎದುರಿನ ಮಣ್ಣುದಿಬ್ಬಕ್ಕೆ ಹೊಡೆದು ತೆಗೆದರು. ಆಮೇಲೆ ಮಾಡಿನ ಕಂಬ ತೋರಿಸಿದರು. ಅದರ ತುಂಬ ಮೊಳೆಗಳು, ಮೊಳೆಗೊಂದು ಚಪ್ಪಟೆ ಗುಂಡು, ಕೆಳಗೆ ಹೆಸರು. ಮದ್ದು ಮರೆತವರ ಕಂಬ ಅದು. ಎಲ್ಲಕ್ಕಿಂತ ಮೇಲಿರುವ ಹೆಸರು ಡೆಲ್ಮಾರದೇ. ಕರ್ವಿನ್ ಅದನ್ನು ಓದಿ, ತಲೆ ಕೆರೆದುಕೊಂಡು, ಕೊನೆಗೂ ನಕ್ಕ. ಮಣ್ಣಲ್ಲಿ ಹುಡುಕಿ ತನ್ನ ಗುಂಡನ್ನು ತಾನೇ ಮೊಳೆಗೆ ಹಾಕಿದ. ಅಷ್ಟರಲ್ಲಿ ವಿಲ್ಡಾ ಮೋಟು ಕೋವಿಯಿಂದ ದಿಬ್ಬದ ಮೇಲಿನ ತಗಡಿನ ತಟ್ಟೆಯ ಅಂಚು ಹಾರಿಸಿಯಾಗಿತ್ತು. ಅದನ್ನೇ ಕೊಂಡುಹೋದರು.

ಈಗ ಅದೇ ಮೋಟು ಕೋವಿ ವಾಪಸು ಬರುತ್ತಿದೆ. ಪಿಕಪ್ ಬಂದು ನಿಲ್ಲುತ್ತದೆ. ಮೊದಲು ಇಳಿಯುವವರು ವಿಲ್ಡಾ, ಕೋವಿ ಅವರ ಕಂಕುಳಲ್ಲೇ ಇದೆ. ಡೆಲ್ಮಾ ಮುಖ ಸಪ್ಪಗೆ ಮಾಡಿಕೊಂಡು, ಯಾಕೆ, ಭಾರವಾಯಿತೇ ಎಂದು ಕೇಳುತ್ತಾರೆ.

"ಭಾರ ಏನಿಲ್ಲ. ಕಿಡೀನೇ ಬರಲ್ಲ ಈಚೆಗೆ" ಎನ್ನುತ್ತಾರೆ ವಿಲ್ಡಾ. "ಕಲ್ಲು ಬದಲಾಯಿಸಿದೆ, ಬೈದೂ ನೋಡಿದೆ."

ಡೆಲ್ಮಾ ಕೋವಿ ಖಾಲಿ ಎಂದು ಖಾತ್ರಿ ಮಾಡಿಕೊಂಡು, ಮಾಡಿನ ಕತ್ತಲ ಮೂಲೆಗೆ ತಿರುಗಿ ಕುದುರೆ ಎಳೆಯುತ್ತಾರೆ. ಎರಡೇ ಕಿಡಿ, ಎರಡೂ ಕೆಂಪು. ಉಕ್ಕಿನ ತಟ್ಟೆಯ ಮೇಲೆ ಬೆರಳಾಡಿಸುತ್ತಾರೆ. ಕಲ್ಲು ಕೆರೆದು ಕೆರೆದು ಗಟ್ಟಿ ಪದರವೆಲ್ಲ ಹೋಗಿ, ನಡುವೆ ಹಳ್ಳ ಬಿದ್ದಿದೆ. ಹಿಡಿಯ ತೇಪೆ ಕೆನ್ನೆ ತಾಗಿ ತಾಗಿ ನುಣುಪಾಗಿದೆ.

"ನನ್ನ ಪಾಳಿ ಬರೋದೇ ಇಲ್ಲ" ಎಂದು ಕರ್ವಿನ್ ದೂರುತ್ತಾನೆ. "ಅತ್ತೆ ಮುಗಿಸಿದ್ರೆ ಜೋಯೆಲ್, ಜೋಯೆಲ್ ಮುಗಿಸಿದ್ರೆ ಮತ್ತೆ ಅತ್ತೆ. ನಾನು ತಟ್ಟೆ ನಿಲ್ಸೋ ಆಳು."

ಡೆಲ್ಮಾ ಕೋವಿಯನ್ನು ಮೇಜಿನ ಮೇಲೆ ಮಲಗಿಸುತ್ತಾರೆ. ಉಕ್ಕನ್ನು ಬಿಚ್ಚಿ ಒಲೆಯತ್ತ ನಡೆಯುತ್ತಾರೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಮತ್ತೆ ಗಟ್ಟಿ ಮಾಡಬೇಕು. ಅವರ ಕಣ್ಣಲ್ಲಿ ನೀರಿದೆ, ಹೊಗೆ ಇನ್ನೂ ಎದ್ದಿಲ್ಲ.

"ಇಷ್ಟು ವರ್ಷದಲ್ಲಿ ವಾಪಸು ಬಂದ ಕೋವಿ ಎಲ್ಲಾ ಯಾರೂ ಹೊಡೀದೆ ಹೊಸದರ ಹಾಗೇ ಇರ್ತಿದ್ವು" ಎನ್ನುತ್ತಾರೆ ಬೆನ್ನು ತಿರುಗಿಸಿಕೊಂಡೇ. "ಸವೆದು ಬಂದಿದ್ದು ಇದೊಂದೇ. ಕೂತ್ಕೊಳಿ ವಿಲ್ಡಾ, ಕಾಫಿ ಬಿಸಿ ಮಾಡ್ತೀನಿ. ಭಾನುವಾರಕ್ಕೆ ಕೋವಿ ರೆಡಿ ಇರುತ್ತೆ."