ಕೈ ನಿಂದು, ಬಾಯಿ ನಂದು

ನನ್ನ ಗಂಡ ಭಾಲಚಂದ್ರ ದೇವರಿಲ್ಲ ಎನ್ನುವವರು. ಇದನ್ನು ಅವರು ನನಗೆ ಹೇಳಿದ್ದು ಹೆಣ್ಣು ನೋಡಲು ಬಂದ ದಿನವೇ! ಔರಾದ ತಾಲೂಕಿನ ಚಿಂತಾಕಿಯಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ಎಲ್ಲರೂ ಚುರುಮುರಿ ಸುಸಲಾ ತಿಂದು ಚಹಾ ಕುಡಿಯುತ್ತಿದ್ದರು. ನನ್ನ ಅಪ್ಪ, "ದೇವರ ದಯದಿಂದ ಎಲ್ಲಾ ಛಲೋ ಆಗ್ಲಿ" ಎಂದದ್ದೇ ತಡ, ಇವರು ಚಹದ ಬಸಿ ಕೆಳಗಿಟ್ಟರು.

"ನೋಡ್ರಿ, ಮೊದಲೇ ಹೇಳಿಬಿಡ್ತೇನಿ. ನಮ್ಮ ಮಾತು ಕೇಳೋ ದೇವರು ಅಂತ ಒಬ್ಬ ಮ್ಯಾಲ ಕೂತಾನ ಅಂತ ನಾ ನಂಬಲ್ರಿ. ಇದರಿಂದ ನಿಮಗ ತ್ರಾಸ ಆಗೂದಿದ್ರ ಈಗೇ ಹೇಳ್ರಿ."

ಅಪ್ಪ ಇಂಗು ತಿಂದ ಮಂಗನಂತೆ ಕೂತುಬಿಟ್ಟರು. ಬಾಗಿಲ ಹಿಂದೆ ನಿಂತಿದ್ದ ನಾನು ಮಾತ್ರ ಸಂದಿಯಿಂದ ಇವರನ್ನೇ ನೋಡಿದೆ. ಅದಕ್ಕೂ ಮೊದಲು ಬಂದಿದ್ದ ಇಬ್ಬರು ವರಗಳು ತಮ್ಮ ಒಳ್ಳೆಯ ಗುಣಗಳನ್ನಷ್ಟೇ ಹೇಳಿ ಹೋಗಿದ್ದರು. ಸಂಬಂಧ ಮುರಿಯುವ ಮಾತನ್ನು ಮೊದಲು ಹೇಳಿದ ಗಂಡು ಇವರೊಬ್ಬರೇ. ಈ ಮನುಷ್ಯ ಜನ್ಮದಲ್ಲಿ ನನಗೆ ಸುಳ್ಳು ಹೇಳಲಾರ ಎಂದು ಅಲ್ಲೇ ಖಾತ್ರಿಯಾಯಿತು. ಒಪ್ಪಿಬಿಟ್ಟೆ.

ಹೇಳಲೂ ಇಲ್ಲ, ಬಿಡಿ. ಹೋದ ದೀಪಾವಳಿಗೆ ಬೀದರದಿಂದ ತಂದ ಸೀರೆ ಉಟ್ಟು ಮುಂದೆ ನಿಂತರೆ, ಎರಡು ನಿಮಿಷ ಯೋಚಿಸಿ, "ಬಣ್ಣ ಸ್ವಲ್ಪ ಗಡಿಬಿಡಿ ಅದ" ಎಂದ ಮಹಾನುಭಾವರು ಇವರು! ಮೂವತ್ತೊಂದು ವರ್ಷ ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದರು. ಪರೀಕ್ಷೆಯ ದಿನ ಮಕ್ಕಳು ಕಾಲು ಮುಟ್ಟಿ ಆಶೀರ್ವಾದ ಕೇಳಿದರೆ, "ಹೊಟ್ಟಿಗಿ ತಿಂದು ಬಂದೀರೋ ಇಲ್ಲೋ?" ಎಂದು ಕೇಳುತ್ತಿದ್ದರು. ಒಮ್ಮೆ ಬಸ್ ಸ್ಟ್ಯಾಂಡಿನ ಎದುರು ಆದ ಅಪಘಾತಕ್ಕೆ ಸಾಕ್ಷಿ ಹೇಳಲು ಬೀದರ ಕೋರ್ಟಿಗೆ ಹೋಗಬೇಕಾಯಿತು. ದೇವರ ಮೇಲೆ ಪ್ರಮಾಣ ಮಾಡಿ ಎಂದಾಗ ಕಟಕಟೆಯಲ್ಲಿ ನಿಂತು ಏನೆಂದರು ಗೊತ್ತೇ?

"ಸಾಹೇಬರ, ನಾ ಕಣ್ಣಾರೆ ನೋಡಿದ್ದು ಹೇಳ್ಲಿಕ್ಕ ಬಂದೀನ್ರಿ. ನೋಡಲಾರದವನ ಹೆಸರಿಲೆ ಶುರು ಹ್ಯಾಂಗ ಮಾಡ್ಲಿ?"

ನ್ಯಾಯಾಧೀಶರು ನಕ್ಕು, ಆತ್ಮಸಾಕ್ಷಿಯ ಮೇಲೆ ಪ್ರಮಾಣ ಮಾಡಲು ಬಿಟ್ಟರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ನಾನು ಇದಕ್ಕೆ ತದ್ವಿರುದ್ಧ. ದಿನಾ ಬೆಳಿಗ್ಗೆ ವಿಠ್ಠಲನ ಫೋಟೋದ ಮುಂದೆ ಕೂತು ಗ್ಯಾಸ್ ಸಿಲಿಂಡರಿನಿಂದ ಹಿಡಿದು ಮಗಳು ಮುಕ್ತಾಳ ಇಂಟರ್‌ವ್ಯೂವರೆಗೆ ಎಲ್ಲವನ್ನೂ ಅವನಿಗೆ ವರದಿ ಒಪ್ಪಿಸುವವಳು. ಬಚ್ಚಲಿನಿಂದ ಇವರ ದನಿ ಬರುತ್ತದೆ: "ಕಾವೇರಿ, ಉತ್ತರಾ ಬಂತೇನು?" ನಾನೂ ಬಿಡುವುದಿಲ್ಲ: "ಬರ್ತದ ತಗೋರಿ, ನಿಮ್ಮಂಗ ಗಡಬಡಿ ಇಲ್ಲ ಅವನಿಗಿ!" ಹೀಗೇ ನಲವತ್ತು ವರ್ಷ ಸಂಸಾರ ನಡೆದಿದೆ.

ಇಂಥವರನ್ನು ಪೇಚಿಗೆ ಸಿಕ್ಕಿಸಲು ಒಬ್ಬರಿಂದ ಮಾತ್ರ ಸಾಧ್ಯವಿತ್ತು. ಇವರ ಅಕ್ಕ ಸಖುಬಾಯಿ.

ಸಖುಬಾಯಿ ಇರುವುದು ಭಾಲ್ಕಿ ತಾಲೂಕಿನ ಸಾಯಗಾಂವದಲ್ಲಿ. ಹುಟ್ಟಿದ ಊರೂ ಅದೇ, ಕೊಟ್ಟ ಊರೂ ಅದೇ. ಮಕ್ಕಳಿಲ್ಲ, ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು. ಇವರಿಗೆ ನಾಲ್ಕು ವರ್ಷವಿದ್ದಾಗ ತಾಯಿ ಹೋದರು, ಆಗ ಅಕ್ಕನಿಗೆ ಹದಿನೈದು. ಅಲ್ಲಿಂದ ತಮ್ಮನಿಗೆ ಉಣಿಸಿದ್ದು, ಬಡಿದದ್ದು, ಸಾಲೆಗೆ ಎಳೆದೊಯ್ದದ್ದು ಎಲ್ಲಾ ಅಕ್ಕನೇ. ತಾಯಿ ಬಿಟ್ಟುಹೋದ ಇನ್ನೊಂದು ಕೆಲಸವನ್ನೂ ಅವರೇ ಹಿಡಿದರು. ಅದು ಸಪ್ತಾಹದ ಪಹರೆ.

ಸಾಯಗಾಂವದ ವಿಠ್ಠಲ ಮಂದಿರದಲ್ಲಿ ಪ್ರತಿ ಚೈತ್ರದಲ್ಲಿ ಏಳು ದಿನ ಹಗಲೂ ರಾತ್ರಿ ವಿಠ್ಠಲನ ನಾಮ ನಡೆಯುತ್ತದೆ. ಕೊರಳಿಗೆ ಪಟ್ಟಿ ಹಾಕಿ, ಎದೆಗೆ ಒರಗಿಸಿಕೊಂಡು ಮೀಟುವ ಉದ್ದನೆಯ ವೀಣೆ. ಮೊದಲ ದಿನ ಅದನ್ನು ಎತ್ತಿಕೊಂಡರೆ ಏಳನೆಯ ದಿನದವರೆಗೆ ನೆಲಕ್ಕಿಡುವಂತಿಲ್ಲ, ನಾಮ ನಿಲ್ಲುವಂತಿಲ್ಲ. ಎರಡು ತಾಸಿಗೊಬ್ಬರಂತೆ ಊರಿನ ಮನೆಗಳು ಪಾಳಿ ಹಂಚಿಕೊಂಡಿವೆ; ಅದೇ ಪಹರೆ. ಆರನೆಯ ದಿನ ಮಧ್ಯಾಹ್ನ ಎರಡರಿಂದ ನಾಲ್ಕು ಇವರ ತಾಯಿಯ ಪಹರೆ. ಅದನ್ನು ಸಖುಬಾಯಿ ಅರವತ್ತೆರಡು ವರ್ಷ ಒಮ್ಮೆಯೂ ತಪ್ಪಿಸದೆ ನಿಂತಿದ್ದರು.

ಈ ಸಲ ಸಂಕ್ರಾಂತಿಯ ಹೊತ್ತಿಗೆ ಅಂಗಳದಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಬೀದರದಲ್ಲಿ ಪ್ಲೇಟು ಹಾಕಿದರು. ಕೂರಬಹುದು, ಹೆಚ್ಚು ಹೊತ್ತು ನಿಲ್ಲುವಂತಿಲ್ಲ ಎಂದರು ಡಾಕ್ಟರು. ಸಪ್ತಾಹಕ್ಕೆ ಹದಿನೈದು ದಿನ ಇದ್ದಾಗ ಸಖುಬಾಯಿ ಜೀಪು ಮಾಡಿಕೊಂಡು ಭಾಲ್ಕಿಯ ನಮ್ಮ ಮನೆಗೆ ಬಂದೇಬಿಟ್ಟರು!

"ಭಾಲ್ಯಾ, ಈ ವರ್ಷ ವೀಣಾ ನೀ ಹಿಡಿ."

ಇವರ ಮುಖ ನೋಡಬೇಕಿತ್ತು. "ಅಕ್ಕಾ, ಕಾವೇರಿ ಹಿಡೀತಾಳಲ್ಲ?"

"ಆಕಿ ಹಿಡೀತಾಳೋ. ಆದರ ಅವ್ವನ ಹೊಟ್ಟ್ಯಾಗಿಂದ ಬಂದವರು ನಾವಿಬ್ಬರೇ. ಆ ಎರಡು ತಾಸು ಅವ್ವ ಅಲ್ಲಿ ನಿಂತಂಗ ಆಗ್ತದ ನನಗ. ನಮ್ಮ ಪಾಳಿ ಬ್ಯಾರೆಯವರಿಗಿ ಹೋದ್ರ ಅವ್ವ ಇನ್ನೊಮ್ಮಿ ಸತ್ತಂಗ."

ಇವರು ಕೋಣೆಯೊಳಗೆ ನಾಲ್ಕು ಸಲ ಅತ್ತಿಂದಿತ್ತ ಓಡಾಡಿದರು. ಕಡೆಗೆ ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಹಿಡೀತೇನಿ. ಕಟ್ಟಿಗಿ, ತಂತಿ, ಅಷ್ಟೇ ಅಲ್ಲ? ಹಿಡೀತೇನಿ. ಖರೆ ನಾಮ ಅನ್ನಂಗಿಲ್ಲ ಅಕ್ಕಾ. ನಂಬಲಾರದೇ ಅಂದ್ರ ಅದು ಸುಳ್ಳು. ಅದೂ ನಿನ್ನ ಮುಂದ ಸುಳ್ಳು ಹೇಳಬೇಕೇನು?"

ಸಖುಬಾಯಿ ತಮ್ಮನ ತಲೆಯ ಮೇಲೆ ಫಟ್ಟನೆ ಒಂದು ಕೊಟ್ಟರು. "ಆತು ಬಿಡೋ! ಕೈ ನಿಂದು, ಬಾಯಿ ನಂದು. ನೀ ನಿಂತು ಬಾರಿಸು, ನಾ ಕುರ್ಚಿ ಮ್ಯಾಲ ಕೂತು ಅಂತೇನಿ."

ಹೀಗೆ ಕರಾರಾಯಿತು. ಆಮೇಲಿನ ಹದಿನೈದು ದಿನ ನಮ್ಮ ಮನೆಯಲ್ಲಿ ಹಬ್ಬವೇ! ಭಜನೆಯವರಿಂದ ವೀಣೆ ಎರವಲು ತಂದು, ತಂತಿ ಬಿಗಿದರೆ ಕಂಪನ ಎಷ್ಟಾಗುತ್ತದೆ, ಸಡಿಲಿಸಿದರೆ ಎಷ್ಟಾಗುತ್ತದೆ ಎಂದು ಹಾಲು ಕಾಯಿಸುತ್ತಿದ್ದ ನನಗೆ ಪಾಠ. ಹಾಲು ಎರಡು ಸಲ ಉಕ್ಕಿತು. ದೇವರನ್ನು ಬಿಟ್ಟು ಬೇರೆಲ್ಲವೂ ಆ ವೀಣೆಯಲ್ಲಿ ಅವರಿಗೆ ಸಿಕ್ಕಿತ್ತು.

ಆರನೆಯ ದಿನ ಬಂತು. ಬಿಸಿಲು ಧಗಧಗ. ಎರಡಕ್ಕೆ ಸರಿಯಾಗಿ ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೀಣೆಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡರು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸಖುಬಾಯಿ, ಅವರ ಬಾಯಿಯ ಹತ್ತಿರ ಮೈಕು. ತಾಳ ಹಿಡಿದು ನಾಲ್ಕು ಮಂದಿ. "ವಿಠ್ಠಲ, ವಿಠ್ಠಲ" ಎಂದು ಅಕ್ಕ ಶುರುಮಾಡಿದರು, ಇವರು ಬಾಯಿಗೆ ಬೀಗ ಹಾಕಿಕೊಂಡು ಮೀಟತೊಡಗಿದರು. ಮಂದಿರದ ಮೇಲಿನ ಲೌಡ್‌ಸ್ಪೀಕರಿನಿಂದ ನಾಮ ಊರ ತುಂಬ ಹರಿಯಿತು. ನಾನು ನಿಶ್ಚಿಂತೆಯಿಂದ ಸಾಲೆಯ ಹಿಂದೆ ಸಂಜೆಯ ಅಡುಗೆ ನಡೆದಿದ್ದ ಮಂಟಪಕ್ಕೆ ಹೋದೆ.

ಮೂರೂವರೆಗೆ ಎಲ್ಲಿತ್ತೋ ಆ ಗಾಳಿ! ಆಕಾಶ ಒಮ್ಮೆಲೇ ಕೆಂಪಾಗಿ, ಧೂಳು ಎದ್ದು, ಅಡುಗೆಯ ಮಂಟಪದ ಬಟ್ಟೆ ಮೇಲಕ್ಕೆ ಹಾರಿತು. ಕೆಳಗೆ ಉರಿಯುವ ಒಲೆಗಳು, ಕುದಿಯುವ ಬ್ಯಾಳಿಯ ಕೊಪ್ಪರಿಗೆಗಳು. "ಓಡಿ ಬರ್ರೋ! ಕಂಬಾ ಹಿಡೀರೋ!" ಎಂದು ಕೂಗಾಟ. ಮಂದಿರದಿಂದ ತಾಳದವರು ನಾಲ್ವರೂ ಓಡಿ ಬಂದರು. ಪಹರೆಯ ಪಟ್ಟಿ ಬರೆಯುವ ಶಿವರಾಜಪ್ಪನೂ ಓಡಿ ಬಂದ. ನಾಲ್ಕು ಗಂಟೆಗೆ ವೀಣೆ ಹಿಡಿಯಬೇಕಾದವನೂ ಅವನೇ. ನಾನೂ ದಾನಮ್ಮ ಎಂಬ ಅಡುಗೆಯಾಕೆಯೂ ಒಂದು ಕಂಬವನ್ನು ತಬ್ಬಿಕೊಂಡು ನೇತಾಡಿದೆವು.

ಮಂದಿರದಲ್ಲಿ ಈಗ ಇಬ್ಬರೇ ಉಳಿದರು. ಲೌಡ್‌ಸ್ಪೀಕರ್ ಬ್ಯಾಟರಿಯದ್ದು, ನಡೆದೇ ಇತ್ತು. "ವಿಠ್ಠಲ, ವಿಠ್ಠಲ." ಸಖುಬಾಯಿಯ ದನಿ ಗಾಳಿಯಲ್ಲೂ ಕೇಳುತ್ತಿತ್ತು. ಆಮೇಲೆ ಒಂದು ಕೆಮ್ಮು. "ವಿಠ್ಠ..." ಮತ್ತೆ ಕೆಮ್ಮು. ಗಂಟಲಿಗೆ ಧೂಳು ಹೋಗಿತ್ತು! ಕೆಮ್ಮಿನ ಮೇಲೆ ಕೆಮ್ಮು, ಉಸಿರೆಳೆಯುವ ಸಪ್ಪಳ, ಮತ್ತೆ ಕೆಮ್ಮು. ಹೆಸರು ಬರಲೊಲ್ಲದು. ಬರೀ ವೀಣೆ: ಟಿಂವ್, ಟಿಂವ್.

ಮಂಟಪದ ಕೆಳಗೆ ಎಲ್ಲರೂ ಕಿವಿ ನಿಮಿರಿಸಿ ನಿಂತುಬಿಟ್ಟರು. "ನಾಮ ನಿಂತ್ತಲ್ರೀ!" ಎಂದಳು ದಾನಮ್ಮ, ಅಳುಬರುವ ದನಿಯಲ್ಲಿ. ಅರವತ್ತೆರಡು ವರ್ಷದ ಪಹರೆ ಇಂದು, ನನ್ನ ಗಂಡನ ಕೈಯಲ್ಲಿ, ಮುರಿಯುವುದರಲ್ಲಿತ್ತು. ಅವರು ಬಾಯಿ ತೆರೆದರೆ ಉಳಿಯುತ್ತದೆ. ತೆರೆದರೆ ಅವರ ಜೀವಮಾನದ ಮಾತು ಹೋಗುತ್ತದೆ. ದಿನಾ ವಿಠ್ಠಲನಿಗೆ ವರದಿ ಒಪ್ಪಿಸುವ ನಾನು ಆ ಹೊತ್ತಿನಲ್ಲಿ ಯಾರನ್ನು ಕರೆದೆ? ವಿಠ್ಠಲನನ್ನಲ್ಲ! "ಏನಾರ ಅನ್ರೀ! ಏನಾರ ಅನ್ರೀ!" ಎಂದು ಆ ಗಾಳಿಯಲ್ಲಿ, ಕೇಳುವ ಸಾಧ್ಯತೆಯೇ ಇಲ್ಲದ ಗಂಡನಿಗೆ ಚೀರಿದೆ.

ಟಿಂವ್. ಟಿಂವ್. ಆಮೇಲೆ ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ಆ ದಪ್ಪ ದನಿ ಊರ ಮೇಲೆಲ್ಲ ಮೊಳಗಿತು:

"ನೀ ಇಲ್ಲಾ... ವಿಠ್ಠಲಾ!"

ನನ್ನ ಕೈಯಲ್ಲಿದ್ದ ಕಂಬ ನಡುಗಿತು.

"ನೀ ಇಲ್ಲಾ, ವಿಠ್ಠಲಾ! ನೀ ಇಲ್ಲಾ, ವಿಠ್ಠಲಾ!" ವೀಣೆಯ ಲಯ ತಪ್ಪಲಿಲ್ಲ. ಮೊದಲು ತಡವರಿಸಿದ ದನಿ ಏರುತ್ತಾ ಹೋಯಿತು. "ಅವ್ವ ಹೋದಾಗ ಇರಲಿಲ್ಲ, ವಿಠ್ಠಲಾ! ಅಕ್ಕನ ಕಾಲು ಮುರದಾಗ ಇರಲಿಲ್ಲ, ವಿಠ್ಠಲಾ! ಇದ್ರ ಎಲ್ಲಿದ್ದಿ, ವಿಠ್ಠಲಾ! ಎಲ್ಲಿದ್ದಿ, ವಿಠ್ಠಲಾ!"

ಶಿವರಾಜಪ್ಪ ಬಾಯಿ ಬಿಟ್ಟುಕೊಂಡು, ಹಿಡಿದಿದ್ದ ಮಂಟಪದ ಹಗ್ಗವನ್ನೇ ಬಿಟ್ಟ. ಆ ಕಡೆಯ ಬಟ್ಟೆಯೆಲ್ಲಾ ಅವನ ತಲೆಯ ಮೇಲೆ ಬಿತ್ತು. ಅಷ್ಟರಲ್ಲಿ ಗಾಳಿಯೂ ಇಳಿಯಿತು, ನಾಲ್ಕು ಹನಿ ಮಳೆ ಬಿತ್ತು. ನಾನು ಕಂಬ ಬಿಟ್ಟು ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ನೋಡಲಿಲ್ಲ. ಹಿಂದೆ ಅರ್ಧ ಊರು!

ಮಂದಿರದಲ್ಲಿ ಇವರು ಕಣ್ಣು ಮುಚ್ಚಿ ನಿಂತಿದ್ದರು. ಅಂಗಿ ಬೆವರಿಗೆ ಅಂಟಿತ್ತು, ಗಲ್ಲದ ಮೇಲೆ ಧೂಳಿನಲ್ಲಿ ಕಣ್ಣೀರಿನ ಗೆರೆ. ಸಖುಬಾಯಿ ಇನ್ನೂ ಕೆಮ್ಮುತ್ತಿದ್ದರು, ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಲೂ ಇದ್ದರು. ನಾನು ನೀರು ಕುಡಿಸಿದೆ. ಶಿವರಾಜಪ್ಪ ಏದುಸಿರು ಬಿಡುತ್ತಾ ಬಂದು, "ಸರ, ನಿಲ್ಲಸ್ರಿ! ಏನನ್ಲಿಕತ್ತೀರಿ?" ಎಂದ. ಇವರು ಕಣ್ಣು ತೆರೆದು ಅದೇ ಲಯದಲ್ಲಿ, "ನಿಲ್ಲಸಂಗಿಲ್ಲಾ, ವಿಠ್ಠಲಾ! ವೀಣಾ ಹಿಡೀರಿ, ವಿಠ್ಠಲಾ!" ಎಂದು ಹಾಡಿದರು. ಯಾರೋ ಕಿಸಕ್ಕೆಂದು ನಕ್ಕರು. ಶಿವರಾಜಪ್ಪ ಗಡಿಯಾರ ನೋಡಿ, ನಾಲ್ಕಾಗಿದ್ದರಿಂದ ಬೇರೆ ದಾರಿಯಿಲ್ಲದೆ ವೀಣೆ ಹಾಕಿಕೊಂಡ. ತಾಳದವರು ಕೂತರು, ನಾಮ ಮುಂದುವರಿಯಿತು.

ಗುಡಿಯ ಕಟ್ಟೆಯ ಮೇಲೆ ಜಗಳ ಶುರುವಾಯಿತು. ದೇವರ ಮುಂದೆ ನಿಂತು ದೇವರಿಲ್ಲ ಎನ್ನುವುದೇ, ಅದೂ ಮೈಕಿನಲ್ಲಿ! ನಾಮ ಮುರಿದ ಹಾಗೇ ಎಂದರು ಕೆಲವರು. ಮುಂದಿನ ವರ್ಷದಿಂದ ಆ ಮನೆಯ ಪಾಳಿ ತೆಗೆಯಿರಿ ಎಂದೂ ಒಬ್ಬರು ಅಂದರು. ಇವರು ಅಕ್ಕನ ಕಾಲ ಹತ್ತಿರ ಕೂತಿದ್ದರು. "ತಪ್ಪಾತು ಅಕ್ಕಾ. ಸುಳ್ಳು ಬರಲಿಲ್ಲ ಬಾಯಾಗ. ಖರೆ ಅಷ್ಟೇ ಬಂತು" ಎಂದರು.

ಸಖುಬಾಯಿ ಕೈ ಎತ್ತಿದರು.

"ನಮ್ಮವ್ವ ಸತ್ತ ವರ್ಷ ನಾ ಮೊದಲ ಸಲ ಇಲ್ಲಿ ವೀಣಾ ಹಿಡದೆ. ಹದಿನೈದು ವರ್ಷದಾಕಿ. ಎರಡು ತಾಸು ಬಾಯಿಲೆ ವಿಠ್ಠಲ ವಿಠ್ಠಲ ಅಂದೆ. ಒಳಗ ಏನಂತಿದ್ದೆ ಗೊತ್ತದೇನ್ರಿ? ಇಂವ ಇವತ್ತ ಅಂದನಲ್ಲ, ಅದೇ. ನೀ ಇಲ್ಲ, ನೀ ಇಲ್ಲ ಅಂತಿದ್ದೆ. ಅವತ್ತ ನಾಮ ಮುರೀಲಿಲ್ಲಂದ್ರ ಇವತ್ತೂ ಮುರದಿಲ್ಲ. ಪಾಳಿ ತೆಗೀತೀರಂದ್ರ ನಂದು ಅರವತ್ತೆರಡು ವರ್ಷದ್ದೂ ತೆಗೀರಿ."

ದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾಳಿ ತೆಗೆಯಿರಿ ಎಂದಿದ್ದವರು ಮೆಲ್ಲಗೆ ಬೀಡಿ ಹುಡುಕುತ್ತಾ ಹೊರಗೆ ಹೋದರು.

ಇವರು ಮಾತ್ರ ಅಕ್ಕನ ಮುಖವನ್ನೇ ನೋಡುತ್ತಿದ್ದರು. ಆ ಅಕ್ಕನಷ್ಟು ಗಟ್ಟಿ ಭಕ್ತೆ ಈ ತಾಲೂಕಿನಲ್ಲೇ ಇಲ್ಲ ಎಂದು ಜೀವನವಿಡೀ ನಂಬಿದ್ದವರು, ಅದರ ಮೇಲೆ ಅಕ್ಕನೊಡನೆ ವಾದ ಮಾಡಿದವರು. ಮಗುವಿನಂತೆ ಮುಂದಕ್ಕೆ ಬಾಗಿ ಕೇಳಿದರು:

"ಅಕ್ಕಾ, ಒಳಗಿನ ಆ ಮಾತು ಮತ್ತ ಯಾವಾಗ ನಿಂತಿತು?"

ಸಖುಬಾಯಿ ಅವರ ಅಂಗಿಯ ಮೇಲಿನ ಧೂಳು ಝಾಡಿಸಿದರು.

"ನಿಂತದ ಅಂತ ಯಾರಂದ್ರೋ ನಿನಗ? ಬರೋ ವರ್ಷ ಎರಡಕ್ಕ ಬಂದು ನಿಲ್ಲು. ತಡಾ ಮಾಡಬ್ಯಾಡ."