ಸಾಕ್ಷಿಗೆಂದು ಕಟ್ಟಿಟ್ಟ ಪೈಪುಗಳು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಇರಲಿ. ಆದರೆ ಒಂದೂವರೆ ವರ್ಷದಲ್ಲಿ ಒಂದೇ ಜಾಗದ ಪೈಪು ನಾಲ್ಕು ಸಲ ಒಡೆದರೆ ಎಂಥ ಸಾಧುವಿಗೂ ಸಿಟ್ಟು ಬರುತ್ತದೆ. ನಾನು ಸಾಧುವಲ್ಲ.

ಮುಂಬಯಿಯಲ್ಲಿ ಮೂವತ್ತು ವರ್ಷ ಕ್ಯಾಂಟೀನು ನಡೆಸಿದವನು ನಾನು. ಅಲ್ಲಿಗೆ ದಿನಾ ಇಡ್ಲಿಗೆ ಬರುತ್ತಿದ್ದ ಗಿರಾಕಿಯೊಬ್ಬರು ದೇಶ ಬಿಟ್ಟು ಹೋಗುವಾಗ ತಮ್ಮ ಕೆಂಪು ಕಾರನ್ನು ನನಗೆ ಮಾರಿದರು. ಎರಡೇ ಬಾಗಿಲು, ನೆಲಕ್ಕೆ ತಾಗುವಷ್ಟು ಕೆಳಗೆ ಸೀಟು, ಟರ್ಬೊ ಇಂಜಿನ್ನು. ಆಗಲೇ ಅದಕ್ಕೆ ಇಪ್ಪತ್ತು ದಾಟಿತ್ತು. ಜೀವನದಲ್ಲಿ ನಾನು ಮಾಡಿದ ಶೋಕಿ ಅದೊಂದೇ. ಕ್ಯಾಂಟೀನು ಬಿಟ್ಟು ಕುಂದಾಪುರದ ಹತ್ತಿರ ಕಡಲ ಬದಿಯ ನನ್ನೂರು ಬೀಜಾಡಿಗೆ ಬಂದಾಗ ಅದನ್ನೂ ತಂದೆ. ಇದರಲ್ಲಿ ಅಕ್ಕಿ ಚೀಲ ಹಾಕಲಾಗುತ್ತದಾ, ನಾಲ್ಕು ಜನ ಮದುವೆಗೆ ಹೋಗಲಾಗುತ್ತದಾ ಎಂದು ಕೇಳಿದವರ ಮೇಲೆಲ್ಲ ನಾನು ಹರಿಹಾಯ್ದಿದ್ದೇನೆ. ಅಕ್ಕಿ ಚೀಲ ಹೊರುವುದಕ್ಕೆ ರಿಕ್ಷಾ ಇದೆಯಲ್ಲ!

ಈ ಟರ್ಬೊ ಎನ್ನುವುದು ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿಗೆ ಊದುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣಿಸಲು ಮುಂದುಗಡೆ ರೇಡಿಯೇಟರಿನಂಥ ಇಂಟರ್‌ಕೂಲರ್ ಇದೆ. ಗಾಳಿ ಅಲ್ಲಿಗೆ ಹೋಗಿ ಬರುವುದು ಕೈತೋಳು ದಪ್ಪದ ರಬ್ಬರ್ ಪೈಪುಗಳಲ್ಲಿ. ಪೈಪು ಒಡೆದರೆ ಆ ಗಾಳಿಯೆಲ್ಲ ಹೊರಗೆ. ಢಬ್ ಎಂದು ಸದ್ದಾಗಿ, ಹಿಂದೆ ಕಪ್ಪು ಹೊಗೆ ಎದ್ದು, ಕುದುರೆಯಂತಿದ್ದ ಕಾರು ಕತ್ತೆಯಾಗುತ್ತದೆ.

ಕಡಲ ಬದಿಯಲ್ಲಿ ಯಾವ ವಸ್ತುವೂ ಸುಲಭಕ್ಕೆ ಬಾಳುವುದಿಲ್ಲ. ಕಿಟಕಿಯ ಸರಳು, ಬಾಗಿಲ ಬಿಜಾಗರಿ, ಸೈಕಲ್ಲಿನ ಚೈನು ಎಲ್ಲವನ್ನೂ ಉಪ್ಪುಗಾಳಿ ತಿನ್ನುತ್ತದೆ. ಅದಕ್ಕೆ ಅಮ್ಮನ ಕಾಲದಿಂದಲೂ ನಮ್ಮಲ್ಲಿ ಒಂದೇ ಮದ್ದು, ತೆಂಗಿನೆಣ್ಣೆ. ನಾನು ಶನಿವಾರ ಮೈಗೆ ಎಣ್ಣೆ ತಿಕ್ಕಿಕೊಂಡು ಅಂಗಳದಲ್ಲಿ ನೆನೆಯುವವನು. ಬಟ್ಟಲಿನಲ್ಲಿ ಉಳಿದದ್ದನ್ನು ಚೆಲ್ಲುವುದುಂಟೆ? ಬಾನೆಟ್ ಎತ್ತಿ, ಕಬ್ಬಿಣ ಕಂಡಲ್ಲಿ, ರಬ್ಬರ್ ಕಂಡಲ್ಲಿ ಅದನ್ನು ಸವರುತ್ತಿದ್ದೆ. ಕಪ್ಪು ಪೈಪುಗಳು ಆಗತಾನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿದ್ದವು.

ಊರಿಗೆ ಬಂದು ವರ್ಷ ತುಂಬುವ ಮೊದಲೇ ಕೋಟೇಶ್ವರದ ಹತ್ತಿರ ಮೊದಲ ಪೈಪು ಒಡೆಯಿತು. ದೊಡ್ಡ ಶೋರೂಮಿಗೆ ಫೋನು ಮಾಡಿದರೆ ಅಲ್ಲಿನವನು, ಈ ಮಾಡೆಲ್ಲಿನ ಸಾಮಾನು ಈಗ ಬರುವುದಿಲ್ಲ, ಗುಜರಿಗೆ ಹಾಕಿ ಎಂದ. ನಾನು ಏನು ಉತ್ತರ ಕೊಟ್ಟೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಬ್ರಹ್ಮಾವರದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ, ಹಳೇ ಗಾಡಿಗಳೆಂದರೆ ಅವನಿಗೆ ಪ್ರಾಣ ಎಂದು ಯಾರೋ ಹೇಳಿದರು. ನಲವತ್ತರ ಆಸುಪಾಸಿನ, ಮಾತು ಕಮ್ಮಿಯ ಮನುಷ್ಯ. ಅವನ ಶೆಡ್ಡಿನ ಎದುರು ಆರೇಳು ಕಾರು ಸಾಲಾಗಿ ಕಾಯುತ್ತಿದ್ದವು. ಅವನು ನನ್ನ ಕಾರಿನ ಸುತ್ತ ಎರಡು ಸುತ್ತು ಬಂದು, ಅಳತೆ ತೆಗೆದು, ರಬ್ಬರ್ ಅಚ್ಚು ಹಾಕುವವರಲ್ಲಿ ತಾನೇ ಹೋಗಿ ಕೂತು ಹೊಸ ಪೈಪು ಮಾಡಿಸಿ ತಂದ. ನಾನು ಊರಿಡೀ ಅವನನ್ನು ಹೊಗಳಿದೆ.

ಹೊಗಳಿದ್ದು ನಾಲ್ಕು ತಿಂಗಳು. ಅದೂ ಒಡೆಯಿತು. ಪೈಪು ಬಿಚ್ಚುವುದನ್ನು ನಾನು ಅಷ್ಟರಲ್ಲಿ ಕಲಿತಿದ್ದೆ. ಬಿಚ್ಚಿ, ಗೋಣಿಚೀಲಕ್ಕೆ ಹಾಕಿಟ್ಟೆ. ಒಡೆದ ಪೈಪನ್ನು ತನ್ನಿ, ಎಲ್ಲಿ ಹೋಗಿದೆ ನೋಡಬೇಕು ಎಂದು ಅವನು ಕೇಳಿದ. ಕೊಡಲಿಲ್ಲ. ಅದು ಸಾಕ್ಷಿ, ಸಾಕ್ಷಿಯನ್ನು ಕಳ್ಳನ ಕೈಗೆ ಕೊಡುವಷ್ಟು ದಡ್ಡ ನಾನಲ್ಲ ಎಂದು ಮುಖಕ್ಕೇ ಹೇಳಿದೆ. ಅವನು ಇನ್ನೊಂದು ಪೈಪು ಮಾಡಿಸಿ ಹಾಕಿದ, ಮೊದಲಿನದಕ್ಕಿಂತ ದಪ್ಪದ್ದು.

ಅದೂ ಬಾಳಲಿಲ್ಲ. ಆ ದಿನ ನಾನು ನೇರ ಬ್ರಹ್ಮಾವರಕ್ಕೆ ಹೋದೆ. ಅವನು ಶೆಡ್ಡಿನ ಪಕ್ಕದ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ. ಒಳಗೆ ಹೋದವನೇ ನಾನು ಸುತ್ತ ಕಣ್ಣಾಡಿಸಿ, ಕೇಳುವವರು ಎಷ್ಟು ಮಂದಿ ಇದ್ದಾರೆ ಎಂದು ಎಣಿಸಿಯೇ ಬಾಯಿ ತೆರೆದೆ. ಹತ್ತು ಮಂದಿ ಇದ್ದರು. ಅವರೆದುರು ಇವನು ಮೋಸಗಾರ, ಡೂಪ್ಲಿಕೇಟ್ ಮಾಲು ಹಾಕುವವನು, ನಾಳೆ ಬ್ರೇಕಿನ ಪೈಪನ್ನೂ ಹೀಗೇ ಹಾಕಿ ಯಾರನ್ನಾದರೂ ಸಾಯಿಸುತ್ತಾನೆ ಎಂದೆ. ಅವನ ಕೈಯಲ್ಲಿದ್ದ ಚಾ ಲೋಟ ಕೈಯಲ್ಲೇ ಉಳಿಯಿತು. ಆಮೇಲೆ ಕುಂದಾಪುರದಲ್ಲಿ ಸಿಕ್ಕಿದವರಿಗೂ ಅದನ್ನೇ ಹೇಳಿದೆ. ಅವನಲ್ಲಿಗೆ ಕಾರುಗಳು ಹೋಗುವುದು ಕಡಿಮೆಯಾಯಿತಂತೆ ಎಂದು ಕೇಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಖುಷಿಯೇ.

ನಾಲ್ಕನೆಯ ಪೈಪನ್ನು ದೂರದ ಊರಿಂದ ಪಾರ್ಸೆಲ್ಲಿನಲ್ಲಿ ತರಿಸಿ ನಾನೇ ಹಾಕಿದೆ. ಎಲ್ಲ ಸರಿಯಿತ್ತು. ಶನಿವಾರ ಶನಿವಾರ ಎಣ್ಣೆಯೂ ಬೀಳುತ್ತಿತ್ತು.

ಬಿಜೂರಿನಲ್ಲಿ ನಾದಿನಿಯ ಹೊಸ ಮನೆಯ ಒಕ್ಕಲು. ನಾನೂ ಹೆಂಡತಿಯೂ ಹೊರಟೆವು. ಹೆಮ್ಮಾಡಿ ದಾಟುವಾಗ ಢಬ್! ರೇಷ್ಮೆ ಸೀರೆಯ ಹೆಂಡತಿ ಹೈವೇ ಬದಿಯಲ್ಲಿ ನಿಂತು, ಈಗ ಯಾರನ್ನು ಬೈಯುತ್ತೀರಿ ಎಂದು ಕೇಳಿದಳು. ನಾನು ಪಾರ್ಸೆಲ್ಲು ಕಳಿಸಿದವನನ್ನು ಬೈದೆ.

ಅಲ್ಲೇ ಹತ್ತಿರ ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿ ಮಾಡುವ ಒಬ್ಬರ ಶೆಡ್ಡಿತ್ತು. ದೊಡ್ಡ ಬೋಟುಗಳದ್ದೂ ಟರ್ಬೊ ಇಂಜಿನ್ನೇ. ಅವರಿಗೆ ಈ ಪೈಪು ಹೊಸತಲ್ಲ. ವಯಸ್ಸಾದ ಮನುಷ್ಯ, ಲುಂಗಿ ಎತ್ತಿ ಕಟ್ಟಿಕೊಂಡು ಬಂದರು. ನಾನು ಡಿಕ್ಕಿಯಿಂದ ಗೋಣಿಚೀಲ ತೆಗೆದು, ಸಾಕ್ಷಿಗಳನ್ನೆಲ್ಲ ಅವರೆದುರು ಸುರಿದು, ಬ್ರಹ್ಮಾವರದವನ ಮೋಸದ ಕತೆ ಶುರುಮಾಡಿದೆ. ಅವರು ಅದಕ್ಕೆ ಕಿವಿಗೊಡಲಿಲ್ಲ. ಒಂದೊಂದೇ ಪೈಪನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಹಲಸಿನ ಹಣ್ಣಿಗೆ ಇಳಿದಂತೆ ಇಳಿಯಿತು. ಮೂಗಿಗೆ ಹಿಡಿದು ಮೂಸಿದರು. ಆಮೇಲೆ ನನ್ನನ್ನು ನೋಡಿ ಕೇಳಿದರು:

“ಹ್ವಾಯ್, ಇದಕ್ಕೆ ತೆಂಗಿನೆಣ್ಣಿ ಹಚ್ಚಿದ್ದ್ ಯಾರ್?”

ಹೆಂಡತಿ ನನ್ನ ಕಡೆ ಕೈ ತೋರಿಸಿದಳು.

“ಇಂಜಿನ್ ಎಣ್ಣಿ ಬಂದ್ರೆ ಒಳಗಿಂದ ಕೊಳಿತ್ತ್,” ಅಂದರು ಅವರು. “ಇದ್ ಒಳಗೆ ಸಮ ಇತ್ತ್. ಹೊರಗಿಂದ ಕೊಳ್ತದ್ದ್, ಕಾಣಿ.”

ಎಣ್ಣೆ ಕುಡಿದ ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಿಗಿದ ಕ್ಲಿಪ್ಪಿನ ಹಿಡಿತಕ್ಕೆ ನಿಲ್ಲದೆ ಜಾರುತ್ತದೆ ಅಥವಾ ಹರಿಯುತ್ತದೆ ಎಂದು ಅವರು ವಿವರಿಸಿದರು. ಬೋಟಿಗೆ ಹಾಕುವ ಗಟ್ಟಿ ಪೈಪನ್ನು ತಾವೇ ಕತ್ತರಿಸಿ ಹಾಕಿಕೊಟ್ಟು, ಎಣ್ಣೆ ಇದ್ದರೆ ನಿಮ್ಮ ತಲೆಗೆ ಹಚ್ಚಿಕೊಳ್ಳಿ ಎಂದು ಕಳಿಸಿದರು. ಅದು ಇವತ್ತಿಗೂ ಒಡೆದಿಲ್ಲ.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗಾದರೂ ತಾನೇ ತಿಂದದ್ದು ಎಂದು ಗೊತ್ತಿತ್ತು. ಬಿಜೂರಿನಲ್ಲಿ ಊಟದ ಎಲೆಯೆದುರು ಕೂತಾಗ ಬ್ರಹ್ಮಾವರದವನ ನೆನಪಾಯಿತು. ಅವನು ಒಡೆದ ಪೈಪನ್ನು ಕೇಳಿದ್ದ. ಕೈಯಲ್ಲಿ ಹಿಡಿದಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದ. ಕೊಡದೆ ಗೋಣಿಯಲ್ಲಿ ಕಟ್ಟಿಟ್ಟವನು ನಾನು. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಅದುವರೆಗೆ ಇನ್ನೊಬ್ಬರ ಮೇಲೆ ಬಂದದ್ದಿಲ್ಲ.

ಮರುದಿನ ಬ್ರಹ್ಮಾವರಕ್ಕೆ ಹೋದೆ. ಕಾರುಗಳ ಸಾಲಿದ್ದ ಜಾಗದಲ್ಲಿ ಒಂದು ರಿಕ್ಷಾ, ಒಂದು ಸ್ಕೂಟರು. ಅವನು ರಿಕ್ಷಾದ ಅಡಿಯಿಂದ ಎದ್ದು ಬಂದ. ಶೆಡ್ಡಿನ ಮೂಲೆಗೆ ಕರೆದು, ತಪ್ಪು ನನ್ನದು, ಎಣ್ಣೆ ಹಚ್ಚಿದ್ದು ನಾನು ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಅವನು ಕೈ ಒರೆಸಿಕೊಂಡ.

“ಅವತ್ತ್ ಹೋಟ್ಲಗೆ ನಿಂತ್ಕಂಡ್ ಹೇಳಿದ್ರಿ. ಇದನ್ನೂ ಅಲ್ಲೇ ಹೇಳಿ.”

ಸುಳ್ಳು ಹೇಳಲಾರೆ, ಆಗಲೂ ನನಗೆ ಸಿಟ್ಟು ಬಂತು. ಇವನಪ್ಪನ ವಯಸ್ಸಿನವನು ತಾನಾಗಿ ಬಂದು ತಲೆ ತಗ್ಗಿಸಿದರೆ ಸಾಲದೇ ಅನಿಸಿತು. ಕಾರಿನ ಬಾಗಿಲವರೆಗೆ ಹೋದೆ. ಅಲ್ಲಿ ನಿಂತು ಆ ರಿಕ್ಷಾವನ್ನೂ ಸ್ಕೂಟರನ್ನೂ ಇನ್ನೊಮ್ಮೆ ನೋಡಿ ವಾಪಸು ಬಂದೆ.

ಅವನು ಜೊತೆಗೆ ಬಂದು ಚಾ ತರಿಸಿಕೊಂಡು ಕೂತ, ನಾನು ಹೋಟೆಲಿನ ನಡುವೆ ನಿಂತು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ, ಬೈದಾಗ ಇದ್ದ ಗಂಟಲು ಈಗ ಎಲ್ಲಿ ಹೋಯಿತು ಎಂದು ಯಾರೂ ಕೇಳಬಾರದು. ಒಬ್ಬರು ನಕ್ಕರು. ಇನ್ನೊಬ್ಬರು, ಮಿಲ್ಲಿನ ಎಣ್ಣೆಯೋ ಪ್ಯಾಕೆಟ್ಟಿನದ್ದೋ ಎಂದು ವಿಚಾರಿಸಿದರು. ಅದಕ್ಕೂ ಉತ್ತರ ಕೊಟ್ಟೆ. ಎಲ್ಲ ಮುಗಿಯಿತು ಎಂದು ಹಗುರಾಗಿ ಅವನ ಎದುರು ಹೋಗಿ ಕೂತೆ. ಅವನು ಹೋಟೆಲಿನ ತುಂಬ ಒಮ್ಮೆ ಕಣ್ಣು ಹಾಯಿಸಿದ.

“ಅವತ್ತ್ ಕೇಳಿದವ್ರ್ ಇವ್ರಲ್ಲ,” ಅಂದ.

ನಾನೂ ತಿರುಗಿ ನೋಡಿದೆ. ನಿಜ. ದುಡ್ಡಿನ ಗಲ್ಲಾದಲ್ಲಿ ಕೂತವರನ್ನು ಬಿಟ್ಟರೆ ಅವತ್ತಿನ ಒಂದು ಮುಖವೂ ಅಲ್ಲಿರಲಿಲ್ಲ. ಅವನು ನನಗೊಂದು ಚಾ ಹೇಳಿ, ತನ್ನದನ್ನು ಮುಗಿಸಿ, ಕೆಲಸಕ್ಕೆ ಎದ್ದು ಹೋದ.

ಅಂದಿನಿಂದ ಆ ಹತ್ತು ಮಂದಿಯನ್ನು ಹುಡುಕುತ್ತಿದ್ದೇನೆ. ಎಣಿಸಿ ಬೈದದ್ದರಿಂದ ಮುಖಗಳು ನೆನಪಿವೆ. ಗಲ್ಲಾದವರು ಮೊದಲನೆಯವರು. ಒಬ್ಬರು ಕುಂದಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು, ಇಬ್ಬರು ಬೈಂದೂರಿನಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ. ಒಬ್ಬರಿಗಂತೂ ನಾನು ಬೈದದ್ದು ಮರೆತೇ ಹೋಗಿತ್ತು, ಆದರೆ ಆ ಶೆಡ್ಡಿಗೆ ಹೋಗಬಾರದು ಎಂಬುದು ಮಾತ್ರ ನೆನಪಿತ್ತು. ಹೀಗೆ ಎಂಟು ಮಂದಿಗೆ ಹೇಳಿ ಆಗಿದೆ. ಬಾಗಿಲ ಬಳಿ ಕೂತಿದ್ದ ಕನ್ನಡಕದವರು ಮತ್ತು ಅವರ ಜೊತೆಗಿದ್ದ ನೀಲಿ ಅಂಗಿಯವರು ಇನ್ನೂ ಸಿಕ್ಕಿಲ್ಲ. ಇದನ್ನು ಬರೆದದ್ದು ಅವರಿಬ್ಬರಿಗಾಗಿ.